ಅನಿಲದ ಕಣಜವಿದ್ದಲ್ಲಿ ಮನೆ

ಲಂಡನ್ನಿನ ಓವಲ್ ಮೈದಾನದ ಕ್ರಿಕೆಟ್ ನೋಡಿದವರಿಗೆ ಪ್ರೇಕ್ಷಕರ ಸಾಲಿನಾಚೆ ಕಾಣುವ ದುಂಡನೆಯ ಕಬ್ಬಿಣದ ಪಂಜರ ನೆನಪಿರಬಹುದು. 1971ರಲ್ಲಿ ಮೈಸೂರಿನ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದಾಗಲೂ ಅದು ಅಲ್ಲಿತ್ತು. 1847ರಲ್ಲಿ ಕಟ್ಟಿದ, ಮುಂದೆ ಹಿಗ್ಗಿಸಿದ ಅನಿಲದ ಕಣಜ ಅದು. 2016ರಲ್ಲಿ ಅದಕ್ಕೆ ಸಂರಕ್ಷಿತ ಸ್ಮಾರಕದ ಸ್ಥಾನ ಸಿಕ್ಕಿತು. ಈಗ ಆ ಆವರಣದಲ್ಲಿ ವಸತಿ ಕಟ್ಟಡಗಳು ಎದ್ದಿವೆ.

ವಿದ್ಯುತ್ ಬರುವ ಮುನ್ನ ಲಂಡನ್ನಿನ ಬೀದಿದೀಪಗಳು ಉರಿದದ್ದು ಕಲ್ಲಿದ್ದಲಿನ ಅನಿಲದಿಂದ. ಗಾಳಿಯಾಡದ ಕುಲುಮೆಯಲ್ಲಿ ಕಲ್ಲಿದ್ದಲನ್ನು ಕಾಯಿಸಿದರೆ ಅನಿಲ ಹೊರಬರುತ್ತದೆ. ತಯಾರಿಕೆ ಹಗಲಿರುಳು ನಡೆದರೂ ಹೆಚ್ಚು ಬೇಕಾಗುವುದು ಸಂಜೆಯ ಹೊತ್ತಿಗೆ, ಹಾಗಾಗಿ ಕೂಡಿಡಲೇಬೇಕು. ನೀರಿನ ಹೊಂಡದಲ್ಲಿ ಚೊಂಬು ಕವುಚಿಟ್ಟಂತೆ ಒಂದು ಭಾರಿ ಕಬ್ಬಿಣದ ಪಾತ್ರೆ. ಅನಿಲ ತುಂಬಿದಂತೆ ಅದು ಮೇಲೇರುತ್ತದೆ; ಅದರ ಭಾರವೇ ಅನಿಲವನ್ನು ಕೊಳವೆಗಳಿಗೆ ನೂಕುತ್ತದೆ. ಪಾತ್ರೆ ವಾಲದಂತೆ ಹಿಡಿದಿಡುವುದು ಸುತ್ತಲಿನ ಪಂಜರದ ಕೆಲಸ.

ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿದ ಮೇಲೆ, 1967ರಿಂದ 1977ರ ಅವಧಿಯಲ್ಲಿ ಬ್ರಿಟನ್ನಿನ ಒಲೆಗಳೆಲ್ಲ ಅದಕ್ಕೆ ಹೊಂದಿಕೊಂಡವು. ಊರ ನಡುವಿನ ಅನಿಲ ಕಾರ್ಖಾನೆಗಳು ಮುಚ್ಚಿದವು. ಇತ್ತ ಮನೆಗಳಿಗೆ ಜಾಗವಿಲ್ಲ. ಹೊಲಗದ್ದೆಗಳನ್ನು ಉಳಿಸಲೆಂದು, ಹೊಸ ಮನೆಗಳಲ್ಲಿ ಶೇಕಡ 60ರಷ್ಟು ಹಿಂದೆ ಬಳಸಿದ ನೆಲದಲ್ಲೇ ಆಗಬೇಕೆಂದು ಅಲ್ಲಿನ ಸರ್ಕಾರ 1998ರಲ್ಲಿ ಗುರಿ ಇಟ್ಟುಕೊಂಡಿತು.

ಆದರೆ ಆ ನೆಲ ಖಾಲಿ ನೆಲವಲ್ಲ. ಅನಿಲದ ಜೊತೆ ಟಾರು, ಬೆಂಜೀನ್, ಫಿನಾಲ್ ಕೂಡ ಹುಟ್ಟುತ್ತವೆ. ಅನಿಲವನ್ನು ಶುದ್ಧಗೊಳಿಸಲು ಬಳಸಿದ ಕಬ್ಬಿಣದ ಆಕ್ಸೈಡ್ ಸಯನೈಡ್ ಹೀರಿಕೊಂಡು ನೀಲಿಗಟ್ಟುತ್ತಿತ್ತು. ಎಷ್ಟೋ ಕಡೆ ಅದನ್ನು ಆವರಣದಲ್ಲೇ ಸುರಿಯಲಾಗಿತ್ತು. ಸೋರಿದ ಟಾರು ಅಂತರ್ಜಲಕ್ಕೂ ಇಳಿಯಬಲ್ಲದು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು.

ಆದ್ದರಿಂದ ಅಡಿಪಾಯಕ್ಕಿಂತ ಮೊದಲು ಮಣ್ಣಿನ ಪರೀಕ್ಷೆ. ಕೆಟ್ಟ ಮಣ್ಣನ್ನು ಅಗೆದು ಸಾಗಿಸಬಹುದು, ತೊಳೆಯಬಹುದು, ಸೂಕ್ಷ್ಮಜೀವಿಗಳಿಂದ ಶುದ್ಧ ಮಾಡಿಸಬಹುದು. ಇಲ್ಲವೇ ಮೇಲೆ ಹೊದಿಕೆ ಹಾಸಿ ಶುದ್ಧ ಮಣ್ಣು ತುಂಬಬಹುದು. ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ದೊಡ್ಡ ಅನಿಲ ಕಾರ್ಖಾನೆಯ ನೆಲವನ್ನು ಸರ್ಕಾರಿ ಸಂಸ್ಥೆಯೊಂದು 1997ರಲ್ಲಿ ಕೊಂಡು ಶುದ್ಧಗೊಳಿಸಿತು. ಮಿಲೇನಿಯಮ್ ಡೋಮ್, ಆಮೇಲೆ ಸಾವಿರಾರು ಮನೆಗಳು ಅಲ್ಲಿ ಬಂದವು.

ಇಷ್ಟಕ್ಕೆಲ್ಲ ಹಣ ಕೊಡುವವರು ಯಾರು? ಕೆಡಿಸಿದವನೇ ತೆರಬೇಕೆಂಬುದು ನ್ಯಾಯ. ಆದರೆ ನೂರೈವತ್ತು ವರ್ಷ ಹಿಂದಿನ ಆ ಕಂಪನಿಗಳು ಈಗ ಉಳಿದಿಲ್ಲ. ಸರ್ಕಾರ ಕೊಡದಿದ್ದಲ್ಲಿ ಹೊರೆ ಬಿಲ್ಡರಿನ ಲೆಕ್ಕಕ್ಕೆ ಸೇರುತ್ತದೆ. ಖರ್ಚು ಗಿಟ್ಟುವುದಿಲ್ಲವೆಂದು ತೋರಿಸಿ, ಕಡಿಮೆ ದರದಲ್ಲಿ ಕೊಡಬೇಕಾದ ಮನೆಗಳ ಸಂಖ್ಯೆ ಇಳಿಸುವಂತೆ ಕೇಳಲು ಬ್ರಿಟನ್ನಿನ ನಿಯಮಗಳಲ್ಲಿ ಅವಕಾಶವಿದೆ. ಕಿಂಗ್ಸ್ ಕ್ರಾಸ್ ಬಳಿ ಬೇರೆಡೆಯಿಂದ ಬಿಚ್ಚಿ ತಂದ ಮೂರು ಪಂಜರಗಳೊಳಗೆ 2018ರಲ್ಲಿ ಸಿದ್ಧವಾದ 145 ಮನೆಗಳು ಸಾಮಾನ್ಯರ ಕೈಗೆ ಎಟುಕುವಂಥವಲ್ಲ.

ಪಂಜರವನ್ನು ಬಣ್ಣ ಬಳಿದು ಉಳಿಸಿಕೊಳ್ಳುವುದು ಸಂತೋಷದ ಸಂಗತಿಯೇ. ಆದರೆ ಇಂಥ ಜಾಗದಲ್ಲಿ ಮನೆ ಕೊಳ್ಳುವವರು ಮೊದಲು ಕೇಳಬೇಕಾದದ್ದು ಕಾಲಡಿಯ ಮಣ್ಣಿನ ವರದಿಯನ್ನು. ಊರಿನವರು ಕೇಳಬೇಕಾದದ್ದು, ಅದನ್ನು ಶುದ್ಧ ಮಾಡಿದ ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು.