ಕೆರೆಯ ತಾವರೆ: ಗುರುತು ಮತ್ತು ಪೋಷಣೆ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ, ಹೊದಿಗೆರೆ ಮೊದಲಾದ ಊರಹೆಸರುಗಳ ಕೊನೆಯಲ್ಲಿರುವ ‘ಗೆರೆ’ಯು ‘ಕೆರೆ’ಯ ಆದೇಶರೂಪವೆಂಬುದು ವಿದ್ಯಾರ್ಥಿಗಳು ಬಲ್ಲ ಸಂಗತಿಯೇ. ಅದೇ ತಾಲ್ಲೂಕಿನಲ್ಲಿ ತಾವರೆಕೆರೆಯೆಂಬ ಊರೂ ಉಂಟು. ಪೈರುಗಳ ಮಾತು ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರದವರಿಗೆ ಸೇರಿದ್ದು. ನಾವು ಇಲ್ಲಿ ಹೇಳಹೊರಟಿರುವುದು ಯಾರೂ ಬಿತ್ತದೆ ಕೆರೆಯಲ್ಲಿ ತಾನಾಗಿ ಬೆಳೆಯುವ ತಾವರೆಯನ್ನು ಕುರಿತು. ಇತಿಹಾಸದವರಿಗೆ ಗಿಡದ ಗೊಡವೆಯೇಕೆಂದು ಕೇಳುವವರು ಕ್ರಿ.ಶ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ವನ್ನು ನೋಡಬಹುದು. ಅದರಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ.

ತಾವರೆಯನ್ನೂ ನೈದಿಲೆಯನ್ನೂ ಒಂದೆಂದೆಣಿಸುವ ವಾಡಿಕೆ ನಮ್ಮ ತರಗತಿಗಳಲ್ಲಿ ಬಹಳವಾಗಿದೆ. ನೈದಿಲೆಯ ಎಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೆ ಸೀಳು ಇರುತ್ತದೆ. ತಾವರೆಯ ಎಲೆ ಸೀಳಿಲ್ಲದ ದುಂಡುತಟ್ಟೆ, ಬಲಿತ ಬಳಿಕ ನೀರನ್ನು ಬಿಟ್ಟು ಮೇಲೇಳುತ್ತದೆ. ನೈದಿಲೆಯ ಕಾಯಿ ನೀರಿನೊಳಗೆ ಮುಳುಗಿ ಬಲಿಯುವುದು. ತಾವರೆಯದು ಕುಳಿಗಳುಳ್ಳ ಕರ್ಣಿಕೆಯಾಗಿ ದಂಟಿನ ಮೇಲೆಯೇ ನಿಲ್ಲುವುದು. ಶಿಲ್ಪದಲ್ಲಿ ಇಂತಹ ಕರ್ಣಿಕೆ ಕಂಡಲ್ಲಿ ಸಂದೇಹಕ್ಕೆ ಎಡೆಯಿಲ್ಲ. ನೈದಿಲೆ ಚಂದ್ರನಿಗೆ ಅರಳುವುದೆಂಬ ಕವಿಸಮಯವೂ ಬರಿಯ ಕಲ್ಪನೆಯಲ್ಲ: ಬಿಳಿಯ ಮತ್ತು ಕೆಂಪು ನೈದಿಲೆಗಳು ಸಂಜೆಗೆ ಅರಳಿ ಮರುದಿನ ಹೊತ್ತೇರಿದಾಗ ಮುಚ್ಚುತ್ತವೆ. ನೀಲಿಯ ನೈದಿಲೆಯಾದರೋ ಹಗಲಿನದು. ಆದುದರಿಂದ ಕವಿ ಹೇಳುವ ನೈದಿಲೆ ಯಾವುದೆಂದು ಕೇಳಿಯೇ ಅರ್ಥ ಬರೆಯಬೇಕು. ತಾವರೆಯಂತೂ ತನ್ನ ಒಡಲಲ್ಲಿ ಶಾಖವನ್ನು ಹುಟ್ಟಿಸಿಕೊಳ್ಳಬಲ್ಲುದು; ಹೊರಗೆ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೂ ಹೂವಿನೊಳಗೆ 30ಕ್ಕೆ ಕಡಿಮೆಯಾಗದೆಂದು 1996ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿದುಬಂದಿದೆ.

ಇನ್ನು ಬೆಳೆಸುವ ಬಗೆ. ಬೀಜದ ಸಿಪ್ಪೆ ಕಲ್ಲಿನಂತಹುದು. ಒಂದು ತುದಿಯನ್ನು ಒಳಗಿನ ಬಿಳುಪು ಕಾಣುವವರೆಗೆ ಒರಟು ಕಲ್ಲಿಗೆ ಉಜ್ಜಿ, ದಿನವೂ ನೀರು ಬದಲಿಸುತ್ತ ನೆನೆಯಿಟ್ಟರೆ ಒಂದೆರಡು ವಾರದೊಳಗೆ ಮೊಳೆಯುವುದು. ಗಡ್ಡೆಯಿಂದ ಬೆಳೆಸುವುದು ಇನ್ನೂ ಶೀಘ್ರಮಾರ್ಗ. ಒಂದೂವರೆ ಎರಡು ಅಡಿ ಅಗಲದ, ತಳದಲ್ಲಿ ತೂತಿಲ್ಲದ ತೊಟ್ಟಿಯಲ್ಲಿ ಕೆರೆಗೋಡು ತುಂಬಿ, ಗಡ್ಡೆಯನ್ನು ಅಡ್ಡಲಾಗಿ ಹೂಳಿ, ಮೊಳಕೆಯ ತುದಿಯನ್ನು ಮಾತ್ರ ಹೊರಗೆ ಬಿಡಬೇಕು. ಆ ತುದಿ ಮುರಿದರೆ ಗಡ್ಡೆ ಕೊಳೆಯುವ ಭಯವುಂಟು. ಮೊದಲಿಗೆ ನೀರು ಮೂರು ನಾಲ್ಕು ಅಂಗುಲ ಸಾಕು, ಎಲೆ ಎದ್ದಂತೆ ಏರಿಸಬಹುದು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳದೆಡೆ ಹೂವಿನ ಆಸೆ ಬೇಡ. ಹಸಿ ಸಗಣಿಯನ್ನು ಹಾಕಲೇಬಾರದು; ಮೊದಲ ವರ್ಷ ನಾವು ಧಾರಾಳವಾಗಿ ಹಾಕಿ, ನಾತವನ್ನು ಮಾತ್ರ ಬೆಳೆದೆವು. ದಂಟನ್ನು ನೀರಿನ ಮಟ್ಟದಿಂದ ಕೆಳಗೆ ಕೊಯ್ಯುವುದೂ ಸಲ್ಲದು, ಅದರೊಳಗಿನ ಗಾಳಿಕೊಳವೆಗಳಲ್ಲಿ ನೀರು ನುಗ್ಗಿ ಗಡ್ಡೆ ಕೆಡುತ್ತದೆ. ಸೊಳ್ಳೆಗೆ ನಾಲ್ಕಾರು ಸಣ್ಣ ಮೀನುಗಳೇ ಮದ್ದು.

ತೊಟ್ಟಿಯ ತಾವರೆಗಿಂತ ಕೆರೆಯ ತಾವರೆಯ ಚಿಂತೆ ದೊಡ್ಡದು. ಬೇಸಗೆಯಲ್ಲಿ ನೀರು ಇಂಗಿದರೂ ಕೆಸರು ಹಸಿಯಾಗಿರುವಷ್ಟು ಕಾಲ ಗಡ್ಡೆ ಬದುಕುತ್ತದೆ; ಅದು ಒಣಗಿ ಸತ್ತರೂ ಹೂಳಿನಲ್ಲಿ ಬೀಜ ಉಳಿದಿರುತ್ತದೆ. ಚೀನಾದ ಈಶಾನ್ಯದಲ್ಲಿ ಬತ್ತಿದ ಸರೋವರವೊಂದರ ತಳದಲ್ಲಿ ದೊರೆತ, ಸುಮಾರು 1300 ವರ್ಷ ಹಳೆಯ ತಾವರೆಬೀಜ ಮೊಳೆತ ವಿಷಯ 1995ರಲ್ಲಿ ಪ್ರಕಟವಾಯಿತು. ಹೂಳೆತ್ತುವುದು ಕೆರೆಗೆ ಅವಶ್ಯವೇ. ಆದರೆ ಯಂತ್ರದಿಂದ ಅಂಗಳವೆಲ್ಲವನ್ನೂ ಒಂದೇ ಸಲ ತೋಡಿದಲ್ಲಿ ಗಡ್ಡೆಯೂ ಬೀಜವೂ ಗೋಡಿನೊಡನೆ ಹೊಲ ಸೇರುತ್ತವೆ. ಶಾಸನಕ್ಕಾದರೆ ಅಚ್ಚು ತೆಗೆದಿಡಬಹುದು, ಈ ದಾಖಲೆಗೆ ಪ್ರತಿಯಿಲ್ಲ. ಕೆಲಸ ಹಿಡಿಯುವ ಮುನ್ನ ಒಂದು ಮೂಲೆಯನ್ನು ತೋಡದೆ ಬಿಡುವಂತೆ ಪಂಚಾಯತಿಯವರನ್ನು ಕೇಳಿಕೊಳ್ಳಬಹುದು. ಅದಾಗದಿದ್ದರೆ ನಾಲ್ಕು ಗಡ್ಡೆಗಳನ್ನು ಕಾಲೇಜಿನ ತೊಟ್ಟಿಯಲ್ಲಿ ಕಾಪಿಟ್ಟು, ಮಳೆ ಬಿದ್ದು ನೀರು ನಿಂತ ಮೇಲೆ ಅದೇ ಕೆರೆಯ ಅಂಚಿನ ಕೆಸರಿನಲ್ಲಿ ಮರಳಿ ನೆಡಬಹುದು.