ಹಡಗಲಿಯ ಅರ್ಜಿ, ಗಿಂಡಿಯ ಪರೀಕ್ಷೆ

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸರ್ಕಾರಿ ಕಾಗದಪತ್ರ 1953ರವರೆಗೂ ಮದ್ರಾಸಿಗೆ ಹೋಗಿ ಬರಬೇಕಿತ್ತು. ಆ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹರಪನಹಳ್ಳಿ ನಡುವೆ ಕೆಲಕಾಲ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಜೊತೆ ಈ ಮೂರೂ ಹೊಸ ವಿಜಯನಗರ ಜಿಲ್ಲೆಯ ಪಾಲಾದವು. ಇಷ್ಟು ಸಲ ಕಚೇರಿ ಬದಲಾದರೂ ಈ ಐದು ತಾಲ್ಲೂಕುಗಳಿಂದ ಹೊರಡುವ ಒಂದು ಅರ್ಜಿ ಮಾತ್ರ ಇಂದಿಗೂ ಹಳೆಯ ಮದ್ರಾಸಿನ ದಾರಿಯನ್ನೇ ಹಿಡಿಯುತ್ತದೆ. ಅದು ಪೇಟೆಂಟ್ ಅರ್ಜಿ. ದೇಶದ ಪೇಟೆಂಟ್ ಕಚೇರಿಯ ಮುಖ್ಯಸ್ಥಾನ ಕೋಲ್ಕತ್ತ. ಶಾಖೆಗಳು ದೆಹಲಿ, ಮುಂಬೈ, ಚೆನ್ನೈ. ಕರ್ನಾಟಕ ಬರುವುದು ಚೆನ್ನೈ ಶಾಖೆಯ ಕೆಳಗೆ. ಕಚೇರಿ ಇರುವುದು ಗಿಂಡಿಯ ಜಿ.ಎಸ್.ಟಿ. ರಸ್ತೆಯಲ್ಲಿ.

ಆ ಕಟ್ಟಡಕ್ಕೆ ನಮ್ಮ ಸೀಮೆಯ ಹೆಸರು ಹೊಸದೇನಲ್ಲ. ಭೌಗೋಳಿಕ ಗುರುತಿನ ನೋಂದಣಿ ಕಚೇರಿಯೂ ಅಲ್ಲೇ ಇದೆ, ಹಡಗಲಿ ಮಲ್ಲಿಗೆಗೆ ಜಿ.ಐ. ಟ್ಯಾಗ್ ಸಿಕ್ಕಿದ್ದೂ ಅಲ್ಲಿಂದಲೇ. ಒಂದೇ ಸೂರಿನ ಕೆಳಗಿನ ಈ ಎರಡು ಕಚೇರಿಗಳು ಕೇಳುವ ಪ್ರಶ್ನೆ ಮಾತ್ರ ಒಂದಕ್ಕೊಂದು ತೀರಾ ಉಲ್ಟಾ. ಮಲ್ಲಿಗೆಗೆ ಟ್ಯಾಗ್ ಬೇಕಾದರೆ ಅದು ಹಿಂದಿನಿಂದ ಬಂದದ್ದು, ಊರಿಗೆಲ್ಲ ಗೊತ್ತಿರುವಂಥದ್ದು ಎಂದು ತೋರಿಸಬೇಕು. ಪೇಟೆಂಟ್ ಬೇಕಾದರೆ ಇದು ಜಗತ್ತಿನ ಯಾವ ಮೂಲೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ ಎಂಬ ಮಾತು ನಿಲ್ಲಬೇಕು.

ಈ ಮಾತು ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಕೆಲಸಕ್ಕೆ ಪೇಟೆಂಟ್ ಪರೀಕ್ಷೆ ಎನ್ನುತ್ತಾರೆ. ಅದು ನಡೆಯುವ ಬಗೆ ತಿಳಿಯಲು ಬ್ಯಾಟರಿಯೊಳಗಿನ ಪದರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ಹರಪನಹಳ್ಳಿ ಕಡೆ ಗಾಳಿಯಂತ್ರಗಳು ತಿರುಗುತ್ತಿವೆ, ಆ ಕರೆಂಟು ಕೂಡಿಡಲು ಬ್ಯಾಟರಿ ಬೇಕು. ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಇದೆ. ಅದಿರಿನ ಬಹುಪಾಲು ಉಕ್ಕಿನ ಕೆಲಸಕ್ಕೆ ಹೋಗುತ್ತದಾದರೂ ಲಿಥಿಯಂ ಬ್ಯಾಟರಿಯ ಕೆಲವು ಬಗೆಗಳಿಗೆ ಮ್ಯಾಂಗನೀಸ್ ಇಲ್ಲದೆ ನಡೆಯದು. ಹಾಗೆಂದು ಅದಿರಿಗೆ ಯಾರೂ ಪೇಟೆಂಟ್ ಕೇಳುವಂತಿಲ್ಲ. ಪ್ರಕೃತಿಯಲ್ಲಿ ಸಿಗುವ ವಸ್ತುವನ್ನು ಕಂಡುಹಿಡಿದದ್ದು ಆವಿಷ್ಕಾರವಲ್ಲ ಎಂದು 1970ರ ಪೇಟೆಂಟ್ ಕಾಯ್ದೆಯ 3(ಸಿ) ಕಲಂ ಖಡಾಖಂಡಿತವಾಗಿ ಹೇಳುತ್ತದೆ. ಅದಿರಿನಿಂದ ಏನು ಮಾಡಿದಿರಿ, ಹೇಗೆ ಮಾಡಿದಿರಿ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಲಿಥಿಯಂ ಸೆಲ್ಲೊಂದನ್ನು ಬಿಚ್ಚಿದರೆ ಸುರುಳಿ ಸುತ್ತಿದ ತೆಳು ಹಾಳೆಗಳು ಕಾಣುತ್ತವೆ. ಧನ ವಿದ್ಯುದ್ವಾರಕ್ಕೆ ಅಲ್ಯೂಮಿನಿಯಂ ಹಾಳೆ, ಋಣ ವಿದ್ಯುದ್ವಾರಕ್ಕೆ ತಾಮ್ರದ ಹಾಳೆ. ಹಾಳೆಯ ದಪ್ಪ ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು. ಅದರ ಮೇಲೆ ಬಳಿದಿರುವ ಕಪ್ಪು ಪದರವೇ ಬ್ಯಾಟರಿಯ ಜೀವ. ಕರೆಂಟು ಹಿಡಿದಿಡುವ ಪುಡಿ, ಅದನ್ನು ಸಾಗಿಸಲು ಇಂಗಾಲ, ಎರಡನ್ನೂ ಹಿಡಿದು ನಿಲ್ಲಿಸಲು ಅಂಟು, ಇಷ್ಟೇ ಅದರಲ್ಲಿರುವುದು. ಈ ಮೂರನ್ನೂ ದ್ರಾವಕದಲ್ಲಿ ಕಲಸಿ ಸ್ಲರಿ ಮಾಡಿ, ಹಾಳೆಗೆ ಬಳಿದು, ಹತ್ತಾರು ಮೀಟರ್ ಉದ್ದದ ಒಲೆಗಳಲ್ಲಿ ಒಣಗಿಸಿ, ಉಕ್ಕಿನ ಉರುಳೆಗಳ ನಡುವೆ ಒತ್ತುವುದು ರೂಢಿಯ ಕ್ರಮ. ಒತ್ತಡ ಹೆಚ್ಚಾದರೆ ರಂಧ್ರ ಮುಚ್ಚಿ ಎಲೆಕ್ಟ್ರೊಲೈಟ್ ಒಳಗಿಳಿಯದು, ಕಡಿಮೆಯಾದರೆ ಪುಡಿ ಪುಡಿಗೆ ಅಂಟದು. ಧನ ವಿದ್ಯುದ್ವಾರಕ್ಕೆ ಬಳಸುವ ಎನ್‌ಎಂಪಿ ದ್ರಾವಕ ವಿಷಕಾರಿ. ಅದರ ಆವಿಯನ್ನು ಹಿಡಿದು ಮರಳಿ ಪಡೆಯುವ ಖರ್ಚೂ ಕಾರ್ಖಾನೆಯ ತಲೆಯ ಮೇಲೆಯೇ.

ಒಲೆಯೂ ಬೇಡ ದ್ರಾವಕವೂ ಬೇಡ ಎಂಬ ಇನ್ನೊಂದು ದಾರಿಯುಂಟು. ಟೆಫ್ಲಾನ್ ಎಂದು ಅಡುಗೆಮನೆಗಳಲ್ಲಿ ಹೆಸರಾದ ಪಿಟಿಎಫ್‌ಇ ಪುಡಿಯನ್ನು ಒಣದಾಗಿಯೇ ಬೆರೆಸಿ ಉಜ್ಜಿದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಹಿಗ್ಗುತ್ತದೆ. ಆ ಎಳೆಗಳ ಬಲೆಯಲ್ಲಿ ಉಳಿದ ಪುಡಿ ಸಿಕ್ಕಿಕೊಂಡು, ಹಾಳೆಯ ಆಸರೆಯಿಲ್ಲದೆ ತಾನೇ ನಿಲ್ಲುವ ಪದರವಾಗುತ್ತದೆ. ಅಮೆರಿಕದ ಮ್ಯಾಕ್ಸ್‌ವೆಲ್ ಕಂಪನಿ ಈ ವಿದ್ಯೆಯಲ್ಲಿ ಮುಂದಿತ್ತು, ಟೆಸ್ಲಾ ಅದನ್ನು 2019ರಲ್ಲಿ ಕೊಂಡಿತು.

ಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಿಂದಲೋ ಕೊಟ್ಟೂರಿನ ಒಂದು ಬ್ಯಾಟರಿ ಅಂಗಡಿಯಿಂದಲೋ ಇಂಥ ಒಣ ಪದರದ ಅರ್ಜಿಯೊಂದು ಹೊರಟಿತು ಅಂತ ಇಟ್ಟುಕೊಳ್ಳೋಣ. ಅರ್ಜಿಯಲ್ಲಿ ವಿವರಣೆ ಎಷ್ಟು ಪುಟವಿದ್ದರೂ ಅಡಕವಾಗಿರುವುದೆಲ್ಲ ಕೊನೆಯ ಕ್ಲೇಮುಗಳಲ್ಲಿ. ನನಗೆ ಇಷ್ಟು ಬೇಲಿ ಬೇಕು ಎಂದು ಕೇಳುವ ಮಾತು ಅದು. ಪ್ರತಿ ಕ್ಲೇಮೂ ಒಂದೇ ವಾಕ್ಯದಲ್ಲಿ ಮುಗಿಯಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬಿಲ್ಲೇರಿದ ಗೊರವಯ್ಯ ನುಡಿಯುವ ಕಾರ್ಣಿಕವೂ ಒಂದೇ ವಾಕ್ಯ; ಮಳೆಗೆಂದು ಕೆಲವರು, ರಾಜಕೀಯಕ್ಕೆಂದು ಕೆಲವರು ವರ್ಷವಿಡೀ ಅರ್ಥ ಹೇಳುತ್ತಾರೆ. ಕ್ಲೇಮಿನಲ್ಲಿ ಹಾಗೆ ಎರಡು ಅರ್ಥಕ್ಕೆ ಎಡೆ ಕೊಟ್ಟವನು ಕೆಟ್ಟ.

ನಮ್ಮ ಅರ್ಜಿದಾರ ಹೀಗೆ ಬರೆದಿದ್ದಾನೆ: ‘ಲಿಥಿಯಂ ಕಬ್ಬಿಣದ ಫಾಸ್ಫೇಟ್ ತೂಕದಲ್ಲಿ ನೂರಕ್ಕೆ 90ರಿಂದ 95 ಭಾಗ, ವಾಹಕ ಇಂಗಾಲ 2ರಿಂದ 5 ಭಾಗ, ಎಳೆಯಾಗಿ ಹಿಗ್ಗಿಸಿದ ಪಿಟಿಎಫ್‌ಇ 2ರಿಂದ 5 ಭಾಗ ಇದ್ದು, ದ್ರಾವಕವಿಲ್ಲದೆ ಉರುಳೆಗಳ ನಡುವೆ ಒತ್ತಿ ತೆಗೆದ, 80ರಿಂದ 120 ಮೈಕ್ರಾನ್ ದಪ್ಪದ ವಿದ್ಯುದ್ವಾರ ಪದರ.’ ವಾಕ್ಯವೇನೋ ಅಚ್ಚುಕಟ್ಟು. ಆದರೆ ಮೊದಲ ಸುತ್ತಿನಲ್ಲೇ ಬೀಳುತ್ತದೆ.

ಪರೀಕ್ಷಕರು ಪದರವನ್ನು ಮಾಡಿ ನೋಡುವುದಿಲ್ಲ. ಅವರ ಬಳಿ ಪ್ರಯೋಗಾಲಯವೂ ಇಲ್ಲ, ಚಾರ್ಜರೂ ಇಲ್ಲ. ಕೈಯಲ್ಲಿರುವುದು ದಾಖಲೆಗಳ ರಾಶಿ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಬ್ಯಾಟರಿಗಳಿಗೆ ಎಚ್01ಎಂ ಎಂಬ ಗುರುತಿದೆ, ಅದರೊಳಗೆ 4/62 ಎಂದರೆ ವಿದ್ಯುದ್ವಾರದ ಅಂಟು ಮುಂತಾದ ನಿಷ್ಕ್ರಿಯ ಪದಾರ್ಥಗಳ ಕೋಣೆ. ಆ ಕೋಣೆ ಹೊಕ್ಕು ಜಪಾನ್, ಕೊರಿಯ, ಚೀನ, ಅಮೆರಿಕಗಳ ಹಳೆಯ ಪೇಟೆಂಟುಗಳನ್ನೂ ಸಂಶೋಧನಾ ಲೇಖನಗಳನ್ನೂ ಜಾಲಾಡುತ್ತಾರೆ. ಸಿಕ್ಕಿದ್ದಕ್ಕೆ ಡಿ-1, ಡಿ-2 ಎಂದು ಹೆಸರಿಟ್ಟು ಮೊದಲ ಪರೀಕ್ಷಾ ವರದಿ ಕಳಿಸುತ್ತಾರೆ. ಪೇಟೆಂಟ್ ಏಜೆಂಟರ ಬಾಯಲ್ಲಿ ಇದು ‘ಎಫ್‌ಇಆರ್’. ಅರ್ಜಿ ಚೆನ್ನೈನದಾದರೂ ಕಡತ ನೋಡುವ ಪರೀಕ್ಷಕರು ಇನ್ನೊಂದು ಶಾಖೆಯಲ್ಲಿ ಕೂತಿರಬಹುದು.

ನಮ್ಮ ಅರ್ಜಿಗೆ ಬರುವ ಆಕ್ಷೇಪಗಳನ್ನು ಊಹಿಸುವುದು ಕಷ್ಟವಲ್ಲ. ಪಿಟಿಎಫ್‌ಇ ಎಳೆಗಳ ಒಣ ಪದರ ಡಿ-1ರಲ್ಲಿ ಆಗಲೇ ಇದೆ. ಫಾಸ್ಫೇಟ್ ಪದರ, ಇದೇ ದಪ್ಪ, ಡಿ-2ರಲ್ಲಿದೆ. ಎರಡನ್ನೂ ಕೂಡಿಸಿ ಓದಿದರೆ ಈ ವಿದ್ಯೆಯಲ್ಲಿ ಪಳಗಿದ ಯಾರಿಗಾದರೂ ಇದು ಹೊಳೆಯುವಂಥದ್ದೇ, ಇದರಲ್ಲಿ ಆವಿಷ್ಕಾರದ ಹೆಜ್ಜೆ ಎಲ್ಲಿದೆ? ಮೇಲಾಗಿ 3(ಇ) ಕಲಂ: ಪದಾರ್ಥಗಳನ್ನು ಸುಮ್ಮನೆ ಬೆರೆಸಿ ಅವುಗಳ ಗುಣಗಳ ಮೊತ್ತವನ್ನಷ್ಟೇ ಪಡೆದರೆ ಅದು ಆವಿಷ್ಕಾರವಲ್ಲ. ಬ್ಯಾಟರಿ ಪದರವೆಂದರೆ ಬೆರಕೆಯೇ ಆದ್ದರಿಂದ ಈ ಕಲಂ ಇಲ್ಲಿ ತಪ್ಪದೆ ಎದುರಾಗುತ್ತದೆ. ಉತ್ತರ ಅಂಕಿಅಂಶದಲ್ಲೇ ಇರಬೇಕು. ಇಂಗಾಲ ಮಾತ್ರ ಬದಲಿಸಿದಾಗ ಇಷ್ಟು, ಅಂಟು ಮಾತ್ರ ಬದಲಿಸಿದಾಗ ಇಷ್ಟು, ಎರಡನ್ನೂ ಬದಲಿಸಿದಾಗ ಎರಡರ ಮೊತ್ತಕ್ಕಿಂತ ಹೆಚ್ಚು ಎಂದು ತೋರಿಸುವ ಕೋಷ್ಟಕ ಅರ್ಜಿ ಹಾಕಿದ ದಿನವೇ ವಿವರಣೆಯೊಳಗಿದ್ದರೆ ಬಚಾವ್. ಆಮೇಲೆ ಹೊಸ ವಿಷಯ ತುರುಕಲು 59ನೇ ಕಲಂ ಬಿಡುವುದಿಲ್ಲ.

ಉತ್ತರ ಕೊಡಲು ಆರು ತಿಂಗಳು, ಶುಲ್ಕ ಕಟ್ಟಿದರೆ ಇನ್ನೂ ಮೂರು. ಈ ಅವಧಿಯಲ್ಲಿ ನಡೆಯುವ ಯೋಚನೆಯೇ, ನನ್ನ ದೃಷ್ಟಿಯಲ್ಲಿ, ಇಡೀ ವ್ಯವಹಾರದ ಸಾರ. ನಮ್ಮ ಅರ್ಜಿದಾರ ತನ್ನ ನೋಟ್‌ಬುಕ್ ಮತ್ತೆ ತೆಗೆಯುತ್ತಾನೆ. ಪಿಟಿಎಫ್‌ಇ ಪುಡಿಗೆ ಒಂದು ವಿಚಿತ್ರ ಗುಣವಿದೆ. 19 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಬಿಡಿಬಿಡಿಯಾಗಿರುತ್ತದೆ, ಸುಲಭಕ್ಕೆ ಎಳೆ ಬಿಡುವುದಿಲ್ಲ. ಅದಕ್ಕಿಂತ ಬಿಸಿಯಾದರೆ ಹರಳಿನ ರಚನೆ ಸಡಿಲಗೊಂಡು ಸ್ವಲ್ಪ ಉಜ್ಜಿದರೂ ಎಳೆ ಬಿಡತೊಡಗುತ್ತದೆ. ಆದ್ದರಿಂದ ತಂಪಿನಲ್ಲಿ ಬೆರೆಸಿ, ಬೆಚ್ಚಗೆ ಮಾಡಿ ಎಳೆ ತೆಗೆಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯ ಶೆಡ್ಡಿನಲ್ಲಿ ಹಾಗೇ ಕಲಸಹೊರಟರೆ ಪುಡಿ ಗಂಟುಗಂಟಾಗುತ್ತದೆ. ಆ ಸೆಕೆಯಲ್ಲೂ ಗಂಟಾಗದಂತೆ ಮೊದಲು ಇಂಗಾಲವನ್ನು ಪುಡಿಗೆ ಲೇಪಿಸುವ ಒಂದು ಹಂತ ಆತ ಮಾಡಿಕೊಂಡಿದ್ದ, ಹನ್ನೆರಡನೇ ಪುಟದಲ್ಲಿ ಎರಡು ಸಾಲು ಬರೆದೂ ಇದ್ದ, ಕ್ಲೇಮಿನಲ್ಲಿ ಮಾತ್ರ ಹಾಕಿರಲಿಲ್ಲ. ಅದು ಡಿ-1ರಲ್ಲೂ ಇಲ್ಲ, ಡಿ-2ರಲ್ಲೂ ಇಲ್ಲ. ಹೊಸ ಕ್ಲೇಮು ಆ ಎರಡು ಸಾಲಿನಿಂದ ಹುಟ್ಟುತ್ತದೆ. ಬೇಲಿ ಕಿರಿದಾಯಿತು, ಆದರೆ ಈಗ ನಿಲ್ಲುತ್ತದೆ. ಪರೀಕ್ಷಕರ ಪತ್ರ ಬರದಿದ್ದರೆ ತನ್ನದು ನಿಜಕ್ಕೂ ಯಾವುದು ಎಂಬುದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಇದರಿಂದಲೂ ಸಮಾಧಾನವಾಗದಿದ್ದರೆ, ಅರ್ಜಿಯ ಮೇಲೆ ಆದೇಶ ಕೊಡುವ ಅಧಿಕಾರಿಯಾದ ಕಂಟ್ರೋಲರ್ ವಿಚಾರಣೆಗೆ ಕರೆಯುತ್ತಾರೆ. ಈಗ ಅದು ವಿಡಿಯೊ ಮೂಲಕ ನಡೆಯುವುದರಿಂದ ಚೆನ್ನೈ ಬಸ್ಸು ಹತ್ತುವ ಕಷ್ಟ ತಪ್ಪಿದೆ. ತಿರಸ್ಕೃತವಾದರೆ ಮೇಲ್ಮನವಿಗೆ ಮುಂಚೆ ಪ್ರತ್ಯೇಕ ಮಂಡಳಿಯಿತ್ತು. 2021ರಲ್ಲಿ ಅದನ್ನು ರದ್ದು ಮಾಡಿದ ಮೇಲೆ ಹೈಕೋರ್ಟಿಗೇ ಹೋಗಬೇಕು. ಚೆನ್ನೈ ಶಾಖೆಯ ಆದೇಶವಾದರೆ ಮದ್ರಾಸ್ ಹೈಕೋರ್ಟು. ಅಲ್ಲಿಗೆ 1953ರ ಹಿಂದಿನ ದಾರಿ ಪೂರ್ತಿಯಾಯಿತು.

ಪೇಟೆಂಟ್ ಸಿಕ್ಕ ಮಾತ್ರಕ್ಕೆ ನಿಶ್ಚಿಂತೆಯೇನೂ ಇಲ್ಲ. ಮಿರ್ಜಾಪುರದ ಲೋಹದ ಪಾತ್ರೆ ತಯಾರಕರೊಬ್ಬರು ಲೇತ್ ಮೇಲೆ ಪಾತ್ರೆ ಹಿಡಿದು ತಿರುಗಿಸುವ ವಿಧಾನಕ್ಕೆ ಪಡೆದಿದ್ದ ಪೇಟೆಂಟನ್ನು 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅದು ಕಾರ್ಖಾನೆಯ ದಿನನಿತ್ಯದ ಸುಧಾರಣೆಯಷ್ಟೇ ಎಂಬುದು ತೀರ್ಪಿನ ತಿರುಳು. ಇಂದಿಗೂ ಪರೀಕ್ಷಕರು, ವಕೀಲರು ಇಬ್ಬರೂ ಈ ತೀರ್ಪನ್ನು ನೆನೆಯುತ್ತಾರೆ.

ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಕತೆ ಇನ್ನೂ ದೊಡ್ಡದು. ಇದರ ಮೂಲ ಅಮೆರಿಕನ್ ಪೇಟೆಂಟ್, ಸಂಖ್ಯೆ 5910382, ಮಂಜೂರಾದದ್ದು 1999ರ ಜೂನ್ 8ರಂದು. ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡ್ಇನಫ್ ಅವರೊಂದಿಗೆ ಆವಿಷ್ಕಾರಕರ ಪಟ್ಟಿಯಲ್ಲಿ ಅಕ್ಷಯ ಪಾಢಿ, ಕ್ರಿಶ್ಚಿಯನ್ ಮಾಸ್ಕೆಲಿಯೆ, ಕೆ.ಎಸ್. ನಂಜುಂಡಸ್ವಾಮಿ ಇದ್ದಾರೆ. ನಂಜುಂಡಸ್ವಾಮಿ ಅದಕ್ಕೆ ಮುಂಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಿದ್ದವರು. ಗುಡ್ಇನಫ್‌ಗೆ 2019ರಲ್ಲಿ ನೊಬೆಲ್ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಈ ಹೆಸರು ಇನ್ನಷ್ಟು ಕಾಣಬೇಕಿತ್ತು ಅನ್ನಿಸುತ್ತದೆ. ಗುಡ್ಇನಫ್ ಅವರ ಪ್ರಯೋಗಾಲಯಕ್ಕೆ ಬಂದಿದ್ದ ಸಂಶೋಧಕರೊಬ್ಬರ ಕಂಪನಿ, ಜಪಾನಿನ ಎನ್‌ಟಿಟಿ, ತಾನೂ ಇದೇ ಬಗೆಯ ಅರ್ಜಿ ಹಾಕಿತು. ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು, 2008ರಲ್ಲಿ 3 ಕೋಟಿ ಡಾಲರಿಗೆ ರಾಜಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಯುರೋಪಿನ ಪೇಟೆಂಟ್ ಕಚೇರಿ ವಿಶ್ವವಿದ್ಯಾಲಯದ ಯುರೋಪಿಯನ್ ಪೇಟೆಂಟನ್ನೇ ರದ್ದು ಮಾಡಿತು. ಅಮೆರಿಕದಲ್ಲಿ ಪಾಸಾದದ್ದು ಯುರೋಪಿನಲ್ಲಿ ಫೇಲಾಗಬಹುದು. ಪೇಟೆಂಟಿಗೆ ಆಯಾ ನಾಡಿನ ಗಡಿಯೊಳಗಷ್ಟೇ ಬೆಲೆ.

ಊರಿನವರು ಎಡವುವುದು ಇಷ್ಟು ದೂರ ಬಂದ ಮೇಲಲ್ಲ, ಅರ್ಜಿಗೂ ಮುಂಚೆಯೇ. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಮಾದರಿ ಇಡುತ್ತಾರೆ, ಯೂಟ್ಯೂಬಿಗೆ ವಿಡಿಯೊ ಹಾಕುತ್ತಾರೆ, ‘ಹಳ್ಳಿ ಹೈದನ ಸಾಧನೆ’ ಎಂದು ನಮ್ಮಂಥ ಪತ್ರಿಕೆಯವರು ಫೋಟೊ ಸಮೇತ ಬರೆಯುತ್ತೇವೆ. ಒಳಗುಟ್ಟು ಬಯಲಾದ ಮೇಲೆ ಅದು ಹೊಸದಾಗಿ ಉಳಿಯುವುದಿಲ್ಲ. ಪರೀಕ್ಷಕರ ಕೈಗೆ ಆ ಪತ್ರಿಕಾ ಸುದ್ದಿಯೇ ಡಿ-1 ಆಗಿ ಸಿಗಬಹುದು. ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧದಂಥ ಕೆಲವಕ್ಕೆ 12 ತಿಂಗಳ ರಿಯಾಯಿತಿ ಇದೆ. ತಾಲ್ಲೂಕು ಮಟ್ಟದ ವಿಜ್ಞಾನ ಮೇಳಕ್ಕೆ ಆ ಭಾಗ್ಯವಿಲ್ಲ. ಅವಸರವಿದ್ದವರು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ದಿನಾಂಕ ಗಟ್ಟಿ ಮಾಡಿಕೊಳ್ಳಬಹುದು, ಪೂರ್ಣ ವಿವರಣೆಗೆ ಒಂದು ವರ್ಷ ಸಮಯವಿರುತ್ತದೆ.

ಖರ್ಚಿನ ಮಾತು. ಒಬ್ಬ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮ ಅಥವಾ ಶಿಕ್ಷಣ ಸಂಸ್ಥೆ ಆನ್‌ಲೈನಿನಲ್ಲಿ ಸಲ್ಲಿಸಿದರೆ ಅರ್ಜಿಗೆ 1,600 ರೂಪಾಯಿ, ಪರೀಕ್ಷೆ ಕೋರಲು 4,000. ಪರೀಕ್ಷೆ ತಾನಾಗಿ ಆಗುವುದಿಲ್ಲ, ಕೇಳಬೇಕು. ಮುಂಚೆ ಅದಕ್ಕೆ 48 ತಿಂಗಳಿತ್ತು, 2024ರ ನಿಯಮದ ನಂತರ 31. ಕೇಳಲು ಮರೆತರೆ ಅರ್ಜಿ ಅಲ್ಲಿಗೇ ಮುಗಿಯಿತು. ಮಹಿಳಾ ಅರ್ಜಿದಾರರು, ಸ್ಟಾರ್ಟಪ್‌ಗಳು ಬೇಗ ಪರೀಕ್ಷಿಸಿ ಎಂದು ಕೋರಬಹುದು. ಏಜೆಂಟರ ಫೀಸು ಇದಕ್ಕಿಂತ ಹಲವು ಪಟ್ಟು; ಅದು ಬೇರೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಮೊದಲ ಸಲಹೆಗೆ ಅಲ್ಲಿಗೆ ಹೋಗುವುದು ಮೇಲು. ಅರ್ಜಿ ಮಾತ್ರ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಹಿಂದಿಯಲ್ಲಿ. ತನ್ನ ಪದರವನ್ನು ಕನ್ನಡದಲ್ಲಿ ಚೆನ್ನಾಗಿ ವಿವರಿಸಬಲ್ಲ ಮೆಕ್ಯಾನಿಕ್‌ಗೆ ಇಲ್ಲಿ ಅನ್ಯಾಯವಾಗುತ್ತದೆ ಎನ್ನದೆ ವಿಧಿಯಿಲ್ಲ.

ಪೇಟೆಂಟಿನ ಆಯುಸ್ಸು ಅರ್ಜಿಯ ದಿನದಿಂದ 20 ವರ್ಷ, ಅದೂ ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಿದ್ದರೆ. ಆಮೇಲೆ ಅದು ಎಲ್ಲರ ಸೊತ್ತು. ನಂಜುಂಡಸ್ವಾಮಿಯವರ ಹೆಸರಿರುವ ಆ ಫಾಸ್ಫೇಟ್ ಪೇಟೆಂಟಿನ ಅವಧಿಯೂ ಮುಗಿದಿದೆ, ಇಂದು ಆ ಪದಾರ್ಥದಿಂದ ಪದರ ಮಾಡಲು ಯಾರ ಅಪ್ಪಣೆಯೂ ಬೇಡ. ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಜಾಲತಾಣದಲ್ಲಿ ಎಚ್01ಎಂ 4/62 ಎಂದು ಒತ್ತಿದರೆ ಭಾರತದಲ್ಲಿ ಪ್ರಕಟವಾದ ಇಂಥ ಅರ್ಜಿಗಳ ಸಾಲೇ ಬರುತ್ತದೆ. ಅರ್ಜಿ ಮಾತ್ರವಲ್ಲ, ಪರೀಕ್ಷಕರ ಆಕ್ಷೇಪ ಪತ್ರ, ಏಜೆಂಟರ ಉತ್ತರ, ತಿದ್ದಿದ ಕ್ಲೇಮು, ಕಂಟ್ರೋಲರ್ ಆದೇಶ ಎಲ್ಲವನ್ನೂ ಕೊಟ್ಟೂರಿನಲ್ಲಿ ಕೂತೇ ಬಿಟ್ಟಿಯಾಗಿ ಓದಬಹುದು.