ಪಾರಣೆಯಿಲ್ಲದ ಉಪವಾಸ

ಊಟವನ್ನು ಹಟ ಹಿಡಿದು ಬಿಡುವುದು, ಮಿತಿಮೀರಿ ತಿಂದು ಬಲವಂತವಾಗಿ ವಾಂತಿ ಮಾಡಿಕೊಳ್ಳುವುದು ಮೊದಲಾದ ಆಹಾರಸೇವನೆಯ ಅಸ್ವಸ್ಥತೆಗಳು ಮಹಾನಗರದ ಸಿರಿವಂತ ಹುಡುಗಿಯರ ಕಾಯಿಲೆಯೇ ಹೊರತು ಚಿಂತಾಮಣಿ, ಗೌರಿಬಿದನೂರಿನಂತಹ ಮುದ್ದೆ-ಸಾರಿನ ಸೀಮೆಗೆ ಸಂಬಂಧಿಸಿದ್ದಲ್ಲ ಎಂಬ ಕಲ್ಪನೆಗೆ ವೈದ್ಯಶಾಸ್ತ್ರವೂ ಒಂದಷ್ಟು ಕಾರಣ. ತೂಕ ಅಪಾಯದ ಮಟ್ಟಕ್ಕೆ ಇಳಿದರೂ ಊಟ ನಿರಾಕರಿಸುವ ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆಯಲ್ಲಿ ದಪ್ಪಗಾಗುವ ಭಯ ಇದ್ದೇ ತೀರಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ 1990ರ ದಶಕದಲ್ಲಿ ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಅವರು, ತೆಳ್ಳಗಾಗುವ ಮಾತನ್ನೇ ಎತ್ತದೆ, ಹಸಿವಿಲ್ಲ, ಹೊಟ್ಟೆಯುಬ್ಬರ ಎಂದಷ್ಟೇ ಹೇಳುತ್ತ ಸೊರಗುತ್ತಿದ್ದ ರೋಗಿಗಳನ್ನು ವಿವರಿಸಿದರು; ದೆಹಲಿಯ ವೈದ್ಯರೂ ಅದೇ ದಶಕದಲ್ಲಿ ಇಂತಹ ಯುವತಿಯರ ಬಗ್ಗೆ ಬರೆದರು. 2022ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಆವೃತ್ತಿಯು ಆ ಭಯವನ್ನು ಸಾಮಾನ್ಯವಾಗಿ ಕಾಣುವ ಲಕ್ಷಣವೆಂದು ಪರಿಗಣಿಸುತ್ತದೆ, ಕಡ್ಡಾಯವೆಂದಲ್ಲ. ಹೀಗಿರುವಾಗ "ಊಟ ಸೇರ್ತಿಲ್ಲ", "ಗ್ಯಾಸ್ಟ್ರಿಕ್ಕು" ಎಂಬ ಮಾತುಗಳ ಹಿಂದೆ ಏನಿದೆಯೆಂದು ವಿಚಾರಿಸದೆ ಬರೀ ಮಾತ್ರೆ ಕೊಟ್ಟು ಕಳಿಸುವುದು ಸರಿಯಲ್ಲ.

ವ್ರತ, ರೋಜಾಗಳೇ ಈ ಕಾಯಿಲೆಯನ್ನು ತರುತ್ತವೆ ಎಂಬುದು ಇನ್ನೊಂದು ಕಲ್ಪನೆ. ದೇವರಿಗಾಗಿ ಬಿಟ್ಟ ಊಟದಿಂದ ಕೇಡೇ ಇಲ್ಲ ಎಂಬುದು ಅದರ ಎದುರು ಕಲ್ಪನೆ. ಏಕಾದಶಿಗೆ ದ್ವಾದಶಿಯ ಪಾರಣೆಯಿದೆ, ರೋಜಾಕ್ಕೆ ಸಂಜೆಯ ಇಫ್ತಾರ್ ಇದೆ. ಅಂದರೆ ಉಪವಾಸ ಮುಗಿಯಬೇಕಾದ ಹೊತ್ತನ್ನು ಧರ್ಮವೇ ಗೊತ್ತುಮಾಡಿದೆ. ಕಾಯಿಲೆಯವರಿಗೆ ರಂಜಾನ್ ಉಪವಾಸದಿಂದ ವಿನಾಯಿತಿಯಿದೆ, ಮುಟ್ಟಾದವರು ಉಪವಾಸ ಹಿಡಿಯುವಂತೆಯೇ ಇಲ್ಲ. ತಪ್ಪಿದ ರೋಜಾಗಳನ್ನು ಮುಂದೆ ತೀರಿಸಿದರಾಯಿತು. ಹೀಗಾಗಿ ಗಮನಿಸಬೇಕಾದದ್ದು ಉಪವಾಸ ಹಿಡಿದದ್ದನ್ನಲ್ಲ, ಬಿಡಲಾಗದ್ದನ್ನು: ಪಾರಣೆಯ ದಿನವೂ ಎಲೆಯ ಮುಂದೆ ಕೂರದೆ ನೆಪ ಹೇಳುವುದು, ಇಫ್ತಾರಿನಲ್ಲಿ ಒಂದು ಖರ್ಜೂರ ಬಾಯಿಗಿಟ್ಟು ಎದ್ದುಹೋಗುವುದು, ವಾರಕ್ಕೊಂದು ಹೊಸ ಒಪ್ಪತ್ತು ಸೇರಿಸಿಕೊಳ್ಳುವುದು. ಇಂತಹ ಮಗಳನ್ನು ಭಕ್ತೆಯೆಂದು ಮೆಚ್ಚುವ ಮನೆಯಲ್ಲಿ ಕಾಯಿಲೆ ತಡವಾಗಿ ಗೊತ್ತಾಗುವುದು ಆಶ್ಚರ್ಯವೇನಲ್ಲ.

ಹಾಗೆಂದು ತಪ್ಪಿದ ಊಟವೆಲ್ಲ ಮನೋರೋಗವಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯುವ ನಾತದ ನಡುವೆ ನೂಲು ಬಿಚ್ಚುವ ಹೆಂಗಸು ಹೊತ್ತು ಮೀರಿ ಉಂಡರೆ, ಎಲ್ಲರಿಗೂ ಬಡಿಸಿದ ಸೊಸೆಗೆ ತಳದ ಸಾರಷ್ಟೇ ಉಳಿದರೆ, ಅದಕ್ಕೆ ಕಾರಣವನ್ನು ಕೆಲಸದಲ್ಲಿ, ಬಡತನದಲ್ಲಿ, ಮನೆಯ ಪದ್ಧತಿಯಲ್ಲಿ ಹುಡುಕಬೇಕು.

ಮಣ್ಣು, ಬೂದಿ, ಬಳಪ ತಿನ್ನುವುದನ್ನು ಬಸುರಿಯ ಬಯಕೆಯೆಂದು ನಕ್ಕು ಬಿಡುವುದೂ ತಪ್ಪು. ಆಹಾರವಲ್ಲದ್ದನ್ನು ತಿನ್ನುವ ಈ ಚಟಕ್ಕೆ ಪೈಕಾ ಎಂದು ಹೆಸರು. ಅದು ಹಲವು ವೇಳೆ ಕಬ್ಬಿಣದಂಶದ ಕೊರತೆಯ ಜೊತೆಗಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿರುವುದರಿಂದ, ಮಣ್ಣು ತಿನ್ನುವವಳನ್ನು ಗದರುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ತೂಕ ಇಳಿಯುತ್ತಿದ್ದರೆ ಕ್ಷಯ, ಥೈರಾಯ್ಡ್, ಜಠರದ ಹುಣ್ಣುಗಳಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ಬಳಿಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಹೆಸರು ಹೇಳದೆಯೂ ಕನ್ನಡದಲ್ಲಿ ಮಾತನಾಡಬಹುದು.